ಕರಾವಳಿಯ ಸೆಕೆಗೆ ಯಾವ ರೈಡಿಂಗ್ ಜೀನ್ಸ್?

ಪ್ರಶ್ನೆ: ನಾನು ಕಟಪಾಡಿಯಿಂದ ಸುರತ್ಕಲ್‌ಗೆ ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. 350 ಸಿಸಿ ಬೈಕ್, ಹೆದ್ದಾರಿಯಲ್ಲಿ 60–70ರ ವೇಗ. ಆಗಾಗ ಗೆಳೆಯರ ಜೊತೆ ಆಗುಂಬೆ, ಚಾರ್ಮಾಡಿ ಕಡೆ ಹೋಗುವುದೂ ಉಂಟು. ಹೆಲ್ಮೆಟ್, ಜಾಕೆಟ್, ಗ್ಲೌಸ್ ಇವೆ. ಕಾಲಿಗೆ ಮಾತ್ರ ಮಾಮೂಲಿ ಜೀನ್ಸ್. ಆನ್‌ಲೈನಿನಲ್ಲಿ ‘ಕೆವ್ಲರ್ ಜೀನ್ಸ್’ ಅಂತ ಎರಡೂವರೆ ಸಾವಿರದಿಂದ ಇಪ್ಪತ್ತು ಸಾವಿರದವರೆಗೂ ಕಾಣುತ್ತದೆ. ನನ್ನ ಬಜೆಟ್ ಹತ್ತು ಸಾವಿರ. ನಮ್ಮ ಸೆಕೆಗೆ, ಮಳೆಗೆ ಯಾವುದು ಸರಿ? ಅದರಲ್ಲೇ ಆಫೀಸಿನಲ್ಲಿ ಇಡೀ ದಿನ ಕೂರಬಹುದಾ? ಹೆಂಡತಿಯೂ ಕೆಲವೊಮ್ಮೆ ಹಿಂದೆ ಕೂರುತ್ತಾಳೆ, ಅವಳಿಗೆ ಏನು ಮಾಡಲಿ?

ಉತ್ತರ: ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಲೇಬಲ್‌ನಲ್ಲಿ ‘ಇಎನ್ 17092’ ಅನ್ನುವ ನಂಬರ್ (ಯುರೋಪಿನ ಮಾನದಂಡ), ಅದರ ಜೊತೆ ‘ಎಎ’ ಅನ್ನುವ ದರ್ಜೆ ಇರುವ, ಒಂದೇ ಪದರದ ಜೀನ್ಸ್ ಹುಡುಕಿ. ಬಜೆಟ್ ಮೀರಿದರೆ ‘ಎ’ ದರ್ಜೆ ಸಾಕು. ಆದರೆ ಅದರಲ್ಲಿ ಮೊಣಕಾಲಿಗೂ ಸೊಂಟಕ್ಕೂ ಪ್ಯಾಡ್ ಇಡುವ ಜೇಬು ಇರಲೇಬೇಕು. ಕೆವ್ಲರ್ ಅಂತ ಬರೆದಿದೆಯೋ ಇಲ್ಲವೋ ಅನ್ನುವುದನ್ನು ಕೊನೆಗೆ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾಮೂಲಿ ಜೀನ್ಸ್ ದಪ್ಪ ಇರುತ್ತದಲ್ವಾ, ಅಷ್ಟೇನೂ ಕಮ್ಮಿ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 60ರ ವೇಗ ಅಂದರೆ ಸೆಕೆಂಡಿಗೆ 16 ಮೀಟರಿಗೂ ಜಾಸ್ತಿ. ಆ ವೇಗದಲ್ಲಿ ಒಣ ರಸ್ತೆಗೆ ಬಿದ್ದರೆ ಮೈ ನಿಲ್ಲುವ ಹೊತ್ತಿಗೆ ಸುಮಾರು 20 ಮೀಟರ್ ಉಜ್ಜಿಕೊಂಡು ಹೋಗಿರುತ್ತದೆ. ಎರಡು ಮೂರು ಸೆಕೆಂಡಿನ ಕೆಲಸ. ಉಜ್ಜುವ ಪರೀಕ್ಷೆಗಳಲ್ಲಿ ಬರೀ ಹತ್ತಿಯ ಡೆನಿಮ್ ಸಾಮಾನ್ಯವಾಗಿ ಒಂದು ಸೆಕೆಂಡಿನ ಒಳಗೇ ತೂತಾಗುತ್ತದೆ. ಉಳಿದ ದೂರ ಚರ್ಮವೇ ಉಜ್ಜಬೇಕು. ಸ್ಟ್ರೆಚ್ ಜೀನ್ಸ್ ಆದರೆ ಇನ್ನೂ ತೆಳು.

ನಿಮ್ಮ ದಾರಿ ಬೇರೆ ಎಂಥದ್ದು ಅಂತ ನಿಮಗೇ ಗೊತ್ತು. ಸರ್ವಿಸ್ ರಸ್ತೆ ಇಲ್ಲದ ಕಡೆ ಎದುರಿನಿಂದಲೇ ಬರುವ ಸ್ಕೂಟರುಗಳು, ಪಡುಬಿದ್ರಿ, ಮೂಲ್ಕಿ ಜಂಕ್ಷನ್ನುಗಳಲ್ಲಿ ಹಠಾತ್ತನೆ ತಿರುಗುವ ಬಸ್ಸುಗಳು. ಇವುಗಳಿಗಿಂತ ನನಗೆ ಜಾಸ್ತಿ ಭಯ ಮೀನಿನ ಲಾರಿಗಳದ್ದು. ಅವುಗಳಿಂದ ಸೋರುವ ನೀರಿನಲ್ಲಿ ಮೀನಿನ ಎಣ್ಣೆ ಅಂಶವೂ ಇರುತ್ತದೆ, ಕತ್ತಲಲ್ಲಿ ಕಾಣುವುದೂ ಇಲ್ಲ. ಒದ್ದೆ ರಸ್ತೆಯಲ್ಲಿ ಬಿದ್ದರೆ ಬಟ್ಟೆ ಸ್ವಲ್ಪ ಕಮ್ಮಿ ಸವೆಯುತ್ತದೆ, ನಿಜ. ಆದರೆ ಜಾರುವ ದೂರ ಜಾಸ್ತಿ. ಜಾರಿ ಹೋಗಿ ಡಿವೈಡರಿಗೋ ಕಂಬಕ್ಕೋ ತಾಗಿದರೆ ಬಟ್ಟೆಯಿಂದ ಏನೂ ಆಗದು, ಪ್ಯಾಡೇ ಬೇಕು. ಅಂದರೆ ಪ್ಯಾಂಟಿಗೆ ಎರಡು ಬೇರೆ ಬೇರೆ ಕೆಲಸ ಇದೆ. ಒಂದು ಉಜ್ಜುವುದನ್ನು ತಡೆಯುವುದು, ಇನ್ನೊಂದು ಪೆಟ್ಟನ್ನು ತಡೆಯುವುದು. ಅಂಗಡಿಯವರು ಇವೆರಡನ್ನೂ ಬೆರೆಸಿ ಮಾತಾಡುತ್ತಾರೆ. ಮೋಸ ಹೋಗುವುದು ಹೆಚ್ಚಾಗಿ ಅಲ್ಲೇ.

ಈಗ ಕೆವ್ಲರ್ ವಿಷಯ. ಕೆವ್ಲರ್ ಅನ್ನುವುದು ಡುಪಾಂಟ್ ಕಂಪನಿಯ ಗಟ್ಟಿ ನೂಲೊಂದರ ಬ್ರ್ಯಾಂಡ್ ಹೆಸರು. ಅಲ್ಲಿನ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ 1965ರಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟರು. ಆ ಜಾತಿಯ ನೂಲಿಗೆಲ್ಲ ಅರಾಮಿಡ್ ಅನ್ನುತ್ತಾರೆ. ಬೇರೆ ಕಂಪನಿಗಳೂ ಅರಾಮಿಡ್ ಮಾಡುತ್ತವೆ, ಟ್ವಾರಾನ್ ಅಂಥದ್ದೇ ಒಂದು. ಹಾಗಾಗಿ ‘ಕೆವ್ಲರ್ ಇದೆ’ ಅಂದಾಗ ನೀವು ಕೇಳಬೇಕಾದ್ದು: ಎಲ್ಲಿದೆ, ಎಷ್ಟಿದೆ?

ಅಗ್ಗದ ಜೀನ್ಸುಗಳಲ್ಲಿ ಮೊಣಕಾಲಿಗೆ ಒಂದು ತುಂಡು, ಹಿಂಭಾಗಕ್ಕೆ ಒಂದು ತುಂಡು ಹಳದಿ ಬಟ್ಟೆ ಹೊಲಿದಿರುತ್ತಾರೆ. ಉಳಿದದ್ದೆಲ್ಲ ಮಾಮೂಲಿ ಡೆನಿಮ್ಮೇ. ಬಿದ್ದಾಗ ನಾವು ಆ ತುಂಡಿನ ಮೇಲೆಯೇ ಜಾರುತ್ತೇವೆ ಅಂತ ಯಾರು ಹೇಳಿದರು? ಪಕ್ಕಕ್ಕೆ ಬೀಳುವವರೇ ಜಾಸ್ತಿ. ಆಗ ಸೊಂಟದ ಬದಿ, ತೊಡೆಯ ಹೊರಭಾಗ, ಮೊಣಕಾಲಿನ ಪಕ್ಕ ನೆಲಕ್ಕೆ ತಾಗುತ್ತವೆ. ಒಳಗೆ ಕೈ ಹಾಕಿ ಸವರಿ ನೋಡಿ, ಆ ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ಬದಿಯ ಹೊಲಿಗೆವರೆಗೂ ಬಾರದ ತುಂಡು ದಂಡ.

ಇನ್ನೊಂದು ಬಗೆ, ಇಡೀ ಪ್ಯಾಂಟಿಗೆ ಒಳಗಿಂದ ಅರಾಮಿಡ್ ಲೈನಿಂಗ್ ಕೊಟ್ಟದ್ದು. ರಕ್ಷಣೆ ಚೆನ್ನಾಗಿರುತ್ತದೆ. ಆದರೆ ಅದು ಎರಡು ಪ್ಯಾಂಟ್ ಹಾಕಿಕೊಂಡ ಹಾಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಸಿಗ್ನಲ್‌ನಲ್ಲಿ ಅದನ್ನು ಹಾಕಿಕೊಂಡು ನಿಂತು ನೋಡಿ. ಮಾರನೇ ವಾರ ಅದು ಕಪಾಟಿನಲ್ಲಿ ಇರುತ್ತದೆ, ನೀವು ಮತ್ತೆ ಹಳೇ ಜೀನ್ಸಿನಲ್ಲಿ ಇರುತ್ತೀರಿ. ಇದನ್ನು ನಾನು ತುಂಬಾ ಕಂಡಿದ್ದೇನೆ.

ಮೂರನೆಯದು ಒಂದೇ ಪದರದ್ದು. ಹತ್ತಿಯ ಜೊತೆಗೇ ಗಟ್ಟಿ ನೂಲನ್ನು ಸೇರಿಸಿ ನೇಯ್ದಿರುತ್ತಾರೆ. ಅದು ಅರಾಮಿಡ್ ಇರಬಹುದು, ಕಾರ್ಡುರಾದಂಥ ನೈಲಾನ್ ಇರಬಹುದು, ಅಥವಾ ಡೈನೀಮಾದಂಥ ಪಾಲಿಎಥಿಲೀನ್ ಇರಬಹುದು. ಲೈನಿಂಗ್ ಇಲ್ಲ, ಗಾಳಿ ಆಡುತ್ತದೆ, ನೋಡುವುದಕ್ಕೂ ಮಾಮೂಲಿ ಜೀನ್ಸೇ. ನಮ್ಮ ಊರಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಇವುಗಳಲ್ಲೂ ಗುಣದ ವ್ಯತ್ಯಾಸ ತುಂಬಾ ಇದೆ. ಸ್ವಲ್ಪ ಕಾರ್ಡುರಾ ಬೆರೆಸಿದ ಡೆನಿಮ್ ಮಾಮೂಲಿಗಿಂತ ಬಾಳಿಕೆ ಬರುತ್ತದೆ, ಹಾಗಂತ ಅದು ತಾನಾಗಿಯೇ ರೈಡಿಂಗ್ ಜೀನ್ಸ್ ಆಗುವುದಿಲ್ಲ. ಡೈನೀಮಾ ಜಾತಿಯ ನೂಲು ಮೈಗೆ ತಂಪು, ಬಹಳ ಗಟ್ಟಿ. ಅದರ ಒಂದು ದೌರ್ಬಲ್ಯ, ಸುಮಾರು 150 ಡಿಗ್ರಿಗೇ ಕರಗುತ್ತದೆ. ನಿಮ್ಮ ಬೈಕಿನ ಸೈಲೆನ್ಸರ್ ಅದಕ್ಕಿಂತ ಬಿಸಿ ಆಗಬಹುದು, ಕಾಲು ತಾಗದ ಹಾಗೆ ನೋಡಿಕೊಳ್ಳಿ. ಅರಾಮಿಡ್ ಕರಗುವುದೇ ಇಲ್ಲ, ತುಂಬಾ ಮೇಲಿನ ಶಾಖದಲ್ಲಿ ಕರಟುತ್ತದೆ ಅಷ್ಟೆ.

ನೂಲಿನ ಹೆಸರು ಕೇಳಿ ಗುಣ ಹೇಳಲು ಆಗುವುದಿಲ್ಲ ಅನ್ನುವುದಕ್ಕೇ ಲೇಬಲ್ ನೋಡಿ ಅಂದದ್ದು. ನಮ್ಮಲ್ಲಿ ಹೆಲ್ಮೆಟ್‌ಗೆ ಐಎಸ್ಐ ಗುರುತು ಕಡ್ಡಾಯ. ಪ್ಯಾಂಟಿಗೆ ಅಂಥದ್ದೇನೂ ಇಲ್ಲ. ಯಾರು ಏನು ಬೇಕಾದರೂ ಬರೆದು ಮಾರಬಹುದು. ಯುರೋಪಿನಲ್ಲಿ 2018ರಿಂದ ರಕ್ಷಣೆ ಕೊಡುತ್ತದೆ ಅಂತ ಹೇಳಿ ಮಾರುವ ಬೈಕ್ ಬಟ್ಟೆಗೆಲ್ಲ ಪರೀಕ್ಷೆ ಆಗಲೇಬೇಕು. 2020ರಲ್ಲಿ ಬಂದ ಇಎನ್ 17092 ಅಂಥ ಬಟ್ಟೆಗಳ ಮಾನದಂಡ. ಭಾರತದ ಕೆಲವು ಕಂಪನಿಗಳೂ ಈಗ ಅದರ ಪ್ರಕಾರ ಪರೀಕ್ಷೆ ಮಾಡಿಸುತ್ತವೆ.

ದರ್ಜೆ ಐದು: ಎಎಎ, ಎಎ, ಎ, ಬಿ, ಸಿ. ಬಟ್ಟೆಯ ತುಂಡನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಿರುಗುತ್ತಿರುವಾಗಲೇ ಕಾಂಕ್ರೀಟ್ ಮೇಲೆ ಬೀಳಿಸುತ್ತಾರೆ. ಉಜ್ಜಿ ಉಜ್ಜಿ ತಾನಾಗಿ ನಿಲ್ಲುವವರೆಗೆ ಬಿಡುತ್ತಾರೆ. ನಿಂತ ಮೇಲೆ 5 ಮಿಲಿಮೀಟರಿಗಿಂತ ದೊಡ್ಡ ತೂತು ಇರಬಾರದು. ಮೊಣಕಾಲು, ಸೊಂಟದಂಥ ಜಾಸ್ತಿ ಅಪಾಯದ ಜಾಗದ ಬಟ್ಟೆಗೆ ಎಎಎ ದರ್ಜೆಯಲ್ಲಿ ಸುಮಾರು 120 ಕಿ.ಮೀ. ವೇಗಕ್ಕೆ ಸಮನಾದ ಪರೀಕ್ಷೆ, ಎಎ ದರ್ಜೆಯಲ್ಲಿ 70, ಎ ದರ್ಜೆಯಲ್ಲಿ 45. ಅಪಾಯ ಕಮ್ಮಿ ಇರುವ ಜಾಗಗಳಿಗೆ ಇದಕ್ಕಿಂತ ಕಡಿಮೆ ವೇಗ. ನೀವು 60–70ರಲ್ಲಿ ಹೋಗುವವರು, ಹಾಗಾಗಿ ಎಎ ಅಂದೆ. ಇದು ಪ್ರಯೋಗಾಲಯದ ಲೆಕ್ಕ ಮಾತ್ರ. 70ರಲ್ಲಿ ಬಿದ್ದರೆ ಏನೂ ಆಗುವುದಿಲ್ಲ ಅನ್ನುವ ಗ್ಯಾರಂಟಿ ಅಲ್ಲ. ರಸ್ತೆಗೆ ಜಲ್ಲಿ ಹಾಕಿದ ದಿನ ಬಿದ್ದರೆ ಯಾವ ಲೆಕ್ಕವೂ ನಡೆಯುವುದಿಲ್ಲ.

ಬಿ ದರ್ಜೆ ಅಂದರೆ ಎ ದರ್ಜೆಯಷ್ಟೇ ಉಜ್ಜು ತಡೆಯುತ್ತದೆ, ಪ್ಯಾಡ್ ಇರುವುದಿಲ್ಲ. ಸಿ ದರ್ಜೆಗೆ ಉಜ್ಜುವ ಪರೀಕ್ಷೆಯೇ ಇಲ್ಲ. ಅದು ಪ್ಯಾಡ್ ಹಿಡಿದುಕೊಳ್ಳುವ ಒಳ ಉಡುಪಿನಂಥದ್ದು, ಬೇರೆ ಪ್ಯಾಂಟಿನ ಒಳಗೆ ಹಾಕುವುದಕ್ಕೆ. ಅದನ್ನೇ ‘ಸರ್ಟಿಫೈಡ್’ ಅಂತ ಹೊರಗೆ ಹಾಕಿಕೊಂಡು ಓಡಾಡಬೇಡಿ.

ಜಾಹೀರಾತುಗಳಲ್ಲಿ ನೀವು ಜಾಸ್ತಿ ಕಾಣುವ ಮಾತು ‘ಸಿಇ ಆರ್ಮರ್ ಇರುವ ಜೀನ್ಸ್’. ಸಿಇ ಅಂದರೆ ಯುರೋಪಿನ ಗುರುತು, ಆರ್ಮರ್ ಅಂದರೆ ಪ್ಯಾಡ್. ಓದಿದರೆ ಜೀನ್ಸಿಗೇ ಸರ್ಟಿಫಿಕೇಟ್ ಸಿಕ್ಕ ಹಾಗೆ ಕಾಣುತ್ತದೆ. ಸಿಕ್ಕಿದ್ದು ಒಳಗಿನ ಪ್ಯಾಡಿಗೆ ಮಾತ್ರ. ಪ್ಯಾಡಿನ ಮಾನದಂಡ ಇಎನ್ 1621-1, ಪ್ಯಾಂಟಿನದ್ದು ಇಎನ್ 17092. ಎರಡು ನಂಬರ್ ಬೇರೆ ಬೇರೆ ಕಡೆ ಹುಡುಕಬೇಕು, ಒಂದು ಪ್ಯಾಡಿನ ಮೇಲೆ, ಇನ್ನೊಂದು ಪ್ಯಾಂಟಿನ ಒಳಗೆ ಹೊಲಿದ ಲೇಬಲ್‌ನಲ್ಲಿ. ಲೇಬಲ್‌ನಲ್ಲಿ ಬೈಕ್ ಸವಾರನ ಚಿತ್ರ, ದರ್ಜೆಯ ಅಕ್ಷರ, ಕಂಪನಿಯ ಹೆಸರು ವಿಳಾಸ ಇರುತ್ತದೆ. ಪ್ಯಾಂಟಿಗೆ ನೇತುಹಾಕಿದ ಬಣ್ಣದ ರಟ್ಟಿನ ಮೇಲೆ ಮಾತ್ರ ಇದ್ದರೆ ನಂಬಬೇಡಿ. ಆನ್‌ಲೈನಿನಲ್ಲಿ ತೆಗೆದುಕೊಳ್ಳುವುದಾದರೆ ಒಳ ಲೇಬಲ್‌ನ ಫೋಟೋ ಕಳಿಸಿ ಅಂತ ಕೇಳಿ. ಒಳ್ಳೆ ಕಂಪನಿಯವರು ಖುಷಿಯಿಂದ ಕಳಿಸುತ್ತಾರೆ. ನೀವು ನೋಡಿದ ಎರಡೂವರೆ ಸಾವಿರದ್ದಕ್ಕೆ ಈ ಫೋಟೋ ಸಿಗುವುದು ಅನುಮಾನ.

ಇನ್ನು ಪ್ಯಾಡ್. ಸುಮಾರು 5 ಕೆ.ಜಿ. ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಎಷ್ಟು ಪೆಟ್ಟೋ ಅಷ್ಟನ್ನು ಅದರ ಮೇಲೆ ಕೊಟ್ಟು, ಎಷ್ಟು ಪೆಟ್ಟು ಆಚೆಗೆ ದಾಟಿತು ಅಂತ ಅಳೆಯುತ್ತಾರೆ. ಲೆವೆಲ್ 1 ಪ್ಯಾಡಿನಲ್ಲಿ ಸರಾಸರಿ 35 ಕಿಲೋನ್ಯೂಟನ್‌ವರೆಗೆ (ಇದು ಬಲ ಅಳೆಯುವ ಮಾನ) ದಾಟಬಹುದು, ಲೆವೆಲ್ 2ರಲ್ಲಿ 20ಕ್ಕಿಂತ ಜಾಸ್ತಿ ದಾಟಬಾರದು. ವ್ಯತ್ಯಾಸ ಸಣ್ಣದಲ್ಲ. ಲೆವೆಲ್ 2 ಸ್ವಲ್ಪ ದಪ್ಪ ಇರುತ್ತದೆ. ಆದರೂ ಮೊಣಕಾಲಿಗೆ ಅದನ್ನೇ ಹಾಕಿ. ಪ್ಯಾಡಿನ ಮೇಲೆ ‘ಟಿ ಪ್ಲಸ್’ ಗುರುತು ಇದೆಯಾ ಅಂತಲೂ ನೋಡಿ. 40 ಡಿಗ್ರಿ ಶಾಖದಲ್ಲೂ ಪರೀಕ್ಷೆ ಪಾಸಾಗಿದೆ ಅಂತ ಅದರ ಅರ್ಥ. ಮೆತ್ತಗಿನ ಪ್ಯಾಡುಗಳು ಬಿಸಿಯಾದಾಗ ಇನ್ನೂ ಮೆತ್ತಗಾಗುತ್ತವೆ. ಬಿಸಿಲಿನಲ್ಲಿ ನಿಂತ ಬೈಕಿನ ಮೇಲೆ ಕೂರುವ ನಮಗೆ ಇದು ಬೇಕು. ‘ಟಿ ಮೈನಸ್’ ಚಳಿ ದೇಶದವರಿಗೆ.

ಎಂಥ ಪ್ಯಾಡ್ ಆದರೂ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಇಲ್ಲಿ ಸ್ವಲ್ಪ ಹೊತ್ತು ಕೊಡಿ. ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಂತಾಗ ಸರಿ ಕಾಣುವ ಪ್ಯಾಡ್ ಕೂತಾಗ ತೊಡೆಗೆ ಏರಿರುತ್ತದೆ, ಅಥವಾ ಮೊಣಕಾಲಿನ ಕೆಳಗೆ ಹೋಗಿರುತ್ತದೆ. ಅಂಗಡಿಗೆ ನಿಮ್ಮ ಬೈಕಿನಲ್ಲೇ ಹೋಗಿ, ಪ್ಯಾಂಟ್ ಹಾಕಿಕೊಂಡು ಬೈಕಿನ ಮೇಲೆ ಕೂರಿ, ಕಾಲನ್ನು ಫುಟ್‌ರೆಸ್ಟ್ ಮೇಲೆ ಇಡಿ. ಮೊಣಕಾಲು ಚಿಪ್ಪಿನ ನಡುವೆ ಪ್ಯಾಡಿನ ನಡು ಬರಬೇಕು, ಕೆಳತುದಿ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಕಾಲಿನ ಮುಂಭಾಗದ ಎಲುಬಿನ ಮೇಲೆ ಕೂರಬೇಕು. ಆಮೇಲೆ ಪ್ಯಾಡನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ. ಸುಲಭವಾಗಿ ಸರಿದರೆ ಬಿದ್ದಾಗಲೂ ಸರಿಯುತ್ತದೆ. ಪ್ಯಾಂಟ್ ಅಲ್ಲಿ ಲೂಸ್ ಅಂತ ಅರ್ಥ. ಜೇಬಿನಲ್ಲಿ ವೆಲ್ಕ್ರೋ ಇದ್ದು ಪ್ಯಾಡನ್ನು ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿ. ಅಂಗಡಿಯವರು ಬೈಕ್ ಮೇಲೆ ಕೂರಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ.

ಬೈಕ್ ಮೇಲೆ ಕೂತಾಗ ಪ್ಯಾಂಟಿನ ಕೆಳತುದಿ ಎಲ್ಲಿಗೆ ಏರುತ್ತದೆ ಅಂತಲೂ ನೋಡಿ. ಶೂ ಮೇಲೆ ಚರ್ಮ ಕಂಡರೆ ಇನ್ನೂ ಉದ್ದದ್ದು ಬೇಕು. ಟೈಲರ್ ಹತ್ತಿರ ಉದ್ದ ಕತ್ತರಿಸುವ ಮೊದಲು ಕೂತೇ ಅಳತೆ ಕೊಡಿ. ನಿಂತು ಕೊಟ್ಟರೆ ಗಿಡ್ಡ ಆಗುತ್ತದೆ.

ಸೊಂಟದ ಪ್ಯಾಡನ್ನು ಎಷ್ಟೋ ಕಂಪನಿಗಳು ಜೊತೆಗೆ ಕೊಡುವುದಿಲ್ಲ, ಜೇಬು ಮಾತ್ರ ಇಟ್ಟಿರುತ್ತಾರೆ. ಬೇರೆ ತೆಗೆದುಕೊಳ್ಳಬೇಕು. ಪಕ್ಕಕ್ಕೆ ಬಿದ್ದಾಗ ಮೊದಲು ತಾಗುವ ಮೂಳೆಗಳಲ್ಲಿ ಅದೂ ಒಂದು. ಅದಕ್ಕೆ ಹಣ ಉಳಿಸಿ ಇಟ್ಟುಕೊಳ್ಳಿ. ನಿಮ್ಮ ಹತ್ತು ಸಾವಿರದಲ್ಲಿ ಭಾರತದ ಕಂಪನಿಗಳ ಎ ಅಥವಾ ಎಎ ದರ್ಜೆಯ ಜೀನ್ಸ್ ಹುಡುಕಿದರೆ ಸಿಗುತ್ತದೆ. ಎಎಎ ದರ್ಜೆಯ ಒಂದೇ ಪದರದ್ದು ಬೇಕೆಂದರೆ ಹೊರದೇಶದ್ದು, ಬೆಲೆ ನಿಮ್ಮ ಬಜೆಟ್ಟಿನ ಹತ್ತಿರವೂ ಇರುವುದಿಲ್ಲ. ನಿಮಗೆ ಅದು ಬೇಕಾಗಿಯೂ ಇಲ್ಲ.

ಹೊಲಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬದಿಗೂ ಹಿಂಭಾಗಕ್ಕೂ ಎರಡು ಅಥವಾ ಮೂರು ಸಾಲು ಹೊಲಿಗೆ ಇರಬೇಕು, ನೂಲು ಹತ್ತಿಯದ್ದಾಗಿರಬಾರದು. ಬಟ್ಟೆ ಎಷ್ಟೇ ಗಟ್ಟಿ ಇದ್ದರೂ ಹೊಲಿಗೆ ಬಿಚ್ಚಿಕೊಂಡರೆ ಮುಗಿಯಿತು. ದರ್ಜೆಯ ಪರೀಕ್ಷೆಯಲ್ಲಿ ಹೊಲಿಗೆಯನ್ನೂ ಎಳೆದು ನೋಡುತ್ತಾರೆ, ಲೇಬಲ್ ಇದ್ದರೆ ಈ ತಲೆನೋವು ಅರ್ಧ ಕಮ್ಮಿ.

ಸೆಕೆಗೆ ಬರೋಣ. ನಮ್ಮ ಸಮಸ್ಯೆ ಬರೀ ಬಿಸಿಲಲ್ಲ, ಗಾಳಿಯಲ್ಲಿರುವ ತೇವ. ಬೆವರು ಆರುವುದೇ ಇಲ್ಲ. ಬೈಕ್ ಓಡುತ್ತಿರುವಾಗ ಒಂದೇ ಪದರದ ಜೀನ್ಸಿನಲ್ಲಿ ಕಷ್ಟ ಇಲ್ಲ, ನಿಂತಾಗ ಎಲ್ಲದರಲ್ಲೂ ಕಷ್ಟವೇ. ಆಸ್ಟ್ರೇಲಿಯಾದವರು 2018ರಲ್ಲಿ ಶುರು ಮಾಡಿದ ಮೋಟೋಕ್ಯಾಪ್ ಅನ್ನುವ ಯೋಜನೆಯಲ್ಲಿ ಬೈಕ್ ಬಟ್ಟೆಗಳ ರಕ್ಷಣೆಗೆ ಒಂದು ಸ್ಟಾರ್, ಸೆಕೆಯಲ್ಲಿ ಎಷ್ಟು ಹಿತ ಅನ್ನುವುದಕ್ಕೆ ಬೇರೆ ಸ್ಟಾರ್ ಕೊಡುತ್ತಾರೆ. ಅವರದ್ದೂ ಬಿಸಿ ದೇಶ ಅಲ್ವಾ. ನೀವು ನೋಡಿದ ಮಾಡೆಲ್ ಆ ಪಟ್ಟಿಯಲ್ಲಿ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಬಾಯಿಗಿಟ್ಟು ಊದಿ ನೋಡಿ. ಒಳಗೆ ನೀರು ತಡೆಯುವ ಪೊರೆ ಇದ್ದರೆ ಉಸಿರು ದಾಟುವುದಿಲ್ಲ. ವಾಟರ್‌ಪ್ರೂಫ್ ಜೀನ್ಸ್ ಅಂತ ಮಾರುವುದು ಇಂಥದ್ದನ್ನೇ. ಕರಾವಳಿಗೆ ಅದು ಬೇಡವೇ ಬೇಡ.

ಹಾಗಾದರೆ ಮಳೆಗಾಲಕ್ಕೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀನ್ಸನ್ನು ನೆಚ್ಚಿಕೊಳ್ಳಬೇಡಿ. ಹತ್ತಿ ಇರುವ ಯಾವ ಜೀನ್ಸಾದರೂ ನೀರು ಕುಡಿದು ಭಾರವಾಗುತ್ತದೆ, ತೊಡೆ ಸಂದಿ ಉಜ್ಜಿ ಹುಣ್ಣಾಗುತ್ತದೆ, ಜುಲೈ ತಿಂಗಳಲ್ಲಿ ಎರಡು ದಿನ ಆದರೂ ಒಣಗುವುದಿಲ್ಲ. ಆ ನಾಲ್ಕು ತಿಂಗಳಿಗೆ ಇಎನ್ 1621-1 ಗುರುತಿನ ನೀಗಾರ್ಡ್ ಒಂದು ಜೊತೆ ತೆಗೆದುಕೊಳ್ಳಿ. ತೆಳು ಪ್ಯಾಂಟಿನ ಮೇಲೆ ಅದನ್ನು ಕಟ್ಟಿ, ಅದರ ಮೇಲೆ ಸ್ವಲ್ಪ ದೊಡ್ಡ ಸೈಜಿನ ರೇನ್‌ಪ್ಯಾಂಟ್. ಉಜ್ಜುವುದಕ್ಕೆ ರಕ್ಷಣೆ ಕಮ್ಮಿ ಆಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ಮಳೆಯಲ್ಲಿ ವೇಗವೂ ಕಮ್ಮಿ, ರಸ್ತೆಯೂ ಒದ್ದೆ. ಹಣ ಇದ್ದರೆ ನೈಲಾನಿನ ರೈಡಿಂಗ್ ಪ್ಯಾಂಟ್ ಇನ್ನೂ ಒಳ್ಳೆಯದು, ನೆನೆದರೂ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತುವ ಆಸೆ ಇದ್ದರೆ ಇದನ್ನೇ ಮಾಡಿ. ಅಲ್ಲಿ ಪಾಚಿ, ಮಂಜು, ಎದುರಿಗೆ ಬಸ್ಸು, ಮೂರೂ ಒಟ್ಟಿಗೆ ಸಿಗುತ್ತವೆ.

ಆಫೀಸಿನಲ್ಲಿ ಕೂರಬಹುದಾ ಅಂದಿರಿ. ಕೂರಬಹುದು. ಮೊಣಕಾಲು ಪ್ಯಾಡ್ ಹೊರಗಿನಿಂದ ತೆಗೆಯುವ ಹಾಗೆ ಜಿಪ್ ಇರುವ ಮಾಡೆಲ್ ಸಿಕ್ಕರೆ ಬಹಳ ಸುಖ, ಪ್ಯಾಂಟ್ ಬಿಚ್ಚದೆಯೇ ಪ್ಯಾಡ್ ತೆಗೆದು ಬ್ಯಾಗಿಗೆ ಹಾಕಬಹುದು. ಅಪಾಯ ಏನೆಂದರೆ ಸಂಜೆ ಮನೆಗೆ ಹೊರಡುವ ಅವಸರದಲ್ಲಿ ಅದು ಬ್ಯಾಗಿನಲ್ಲೇ ಉಳಿಯುತ್ತದೆ. ನನಗೆ ಕೇಳಿದರೆ ಆಫೀಸಿನಲ್ಲಿ ಒಂದು ಜೊತೆ ಮಾಮೂಲಿ ಪ್ಯಾಂಟ್ ಇಡಿ, ಹೋದ ಕೂಡಲೇ ಬದಲಾಯಿಸಿ, ರೈಡಿಂಗ್ ಜೀನ್ಸನ್ನು ಫ್ಯಾನ್ ಕೆಳಗೆ ಹರಡಿ. ಬೆವರೂ ಆರುತ್ತದೆ.

ಒಗೆಯುವಾಗ ಪ್ಯಾಡ್ ತೆಗೆದು, ಒಳಗು ಹೊರಗು ಮಾಡಿ, ತಣ್ಣೀರಿನಲ್ಲಿ ಒಗೆಯಿರಿ. ಬ್ಲೀಚ್ ಹಾಕಲೇಬೇಡಿ, ಅರಾಮಿಡ್ ನೂಲು ಅದಕ್ಕೆ ಹಾಳಾಗುತ್ತದೆ. ಬಿಸಿಲಿಗೂ ಅದು ಬಲ ಕಳೆದುಕೊಳ್ಳುತ್ತದೆ, ಅಂಗಳದ ಹಗ್ಗಕ್ಕೆ ಹಾಕುವ ಬದಲು ಜಗಲಿಯ ನೆರಳಿನಲ್ಲಿ ಒಣಗಿಸಿ. ಮಳೆಗಾಲಕ್ಕೆ ಕಪಾಟಿನಲ್ಲಿ ಇಡುವ ಮೊದಲು ಪೂರ್ತಿ ಒಣಗಿದೆಯಾ ನೋಡಿ, ಇಲ್ಲದಿದ್ದರೆ ಅಕ್ಟೋಬರಿನಲ್ಲಿ ಬೂಷ್ಟು ಹಿಡಿದ ಜೀನ್ಸ್ ಹೊರಗೆ ಬರುತ್ತದೆ. ಒಮ್ಮೆ ಜೋರಾಗಿ ಬಿದ್ದರೆ ಪೆಟ್ಟು ತಿಂದ ಪ್ಯಾಡ್ ಬದಲಿಸಿ, ಸವೆದ ಪ್ಯಾಂಟಿಗೆ ತೇಪೆ ಹಾಕಿಸಿ ಮತ್ತೆ ಬಳಸಬೇಡಿ.

ಕೊನೆಯದು ನಿಮ್ಮ ಹೆಂಡತಿಯ ವಿಷಯ. ಬಿದ್ದರೆ ಇಬ್ಬರೂ ಒಂದೇ ರಸ್ತೆಗೆ ಬೀಳುವುದು, ಅವರಿಗೂ ಅಷ್ಟೇ ರಕ್ಷಣೆ ಬೇಕು. ಹೆಂಗಸರ ಅಳತೆಗೆ ಹೊಲಿದ ರೈಡಿಂಗ್ ಜೀನ್ಸ್ ಬೇರೆಯೇ ಬರುತ್ತದೆ, ಗಂಡಸರದ್ದನ್ನೇ ಸಣ್ಣ ಸೈಜಿನಲ್ಲಿ ಕೊಡಿಸಬೇಡಿ. ಸೊಂಟದ ಹತ್ತಿರ ಸರಿ ಕೂರದೆ ಪ್ಯಾಡ್ ಜಾಗ ತಪ್ಪುತ್ತದೆ. ಅರಾಮಿಡ್ ಲೈನಿಂಗ್ ಇರುವ ರೈಡಿಂಗ್ ಲೆಗ್ಗಿಂಗ್ಸೂ ಇವೆ, ಕುರ್ತಾದ ಕೆಳಗೆ ಹಾಕಬಹುದು, ದರ್ಜೆಯ ಲೇಬಲ್ ಅದಕ್ಕೂ ನೋಡಿ. ಕಟೀಲಿಗೋ ಮದುವೆಗೋ ಸೀರೆ ಉಟ್ಟು ಹೋಗಬೇಕಾದ ದಿನ ಬಸ್ಸೋ ಕಾರೋ ಒಳ್ಳೆಯದು. ಬೈಕೇ ಆಗಬೇಕು ಅಂದರೆ ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ನಿಧಾನ ಹೋಗಿ. ಚಂದ ಕಾಣಲಿ ಅಂತ ಸಾರಿಗಾರ್ಡ್ ಕಿತ್ತು ಹಾಕಿದ್ದರೆ ಮೊದಲು ಅದನ್ನು ಮತ್ತೆ ಕೂರಿಸಿ. ಹಿಂದಿನ ಚಕ್ರದ ಅರ್ಧಭಾಗವಾದರೂ ಮುಚ್ಚಿರಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ.